ಎಪ್ಪತ್ತಕ್ಕೆ ನಿಲ್ಲದ ಮುಳ್ಳು

ಬಳೇಪೇಟೆಯಲ್ಲಿ ಅಜ್ಜನ ಕಾಲದ ಬಳೆ ಅಂಗಡಿ ನಡೆಸುತ್ತಿದ್ದ ನಂಜುಂಡಯ್ಯ ಜೀವಮಾನದಲ್ಲಿ ಎಳೆದಿದ್ದು ಒಂದೇ ಹೊಗೆ, ನೆಗಡಿ ಬಂದಾಗ ಸುಟ್ಟ ಅರಿಶಿನದ ಕೊಂಬಿನದು. ಅಂಥವನು ಗಾಂಧಿನಗರದ ಆಫೀಸೊಂದರಲ್ಲಿ ಕೂತು, "ಸಿಗಾರಾ? ಓಹೋ, ನನಗೆ ದಿನಾ ಒಂದು ಬೇಕೇ ಬೇಕು" ಎಂದು ಬಾಯಿಬಿಟ್ಟದ್ದೇ ಎಲ್ಲ ಫಜೀತಿಗೂ ಮೂಲ.

ಆಫೀಸು ಸಿನಿಮಾ ಹಂಚಿಕೆದಾರ ಗುರುಮಲ್ಲಪ್ಪನವರದು. ಅವರ ಮಗನಿಗೆ ನಂಜುಂಡಯ್ಯನ ಮಗಳು ಶರಣ್ಯಳನ್ನು ತಂದುಕೊಳ್ಳುವ ಮಾತು ನಡೆದಿತ್ತು. ಹುಡುಗ ಹುಡುಗಿ ಒಪ್ಪಿ ಆಗಿತ್ತು, ಹಿರಿಯರು ಹೂಂ ಅನ್ನುವುದಷ್ಟೇ ಬಾಕಿ. ಹೆಬ್ಬೆರಳು ಗಾತ್ರದ ಸಿಗಾರೊಂದನ್ನು ಮುಂದೆ ಚಾಚಿ ಅವರು "ಅಭ್ಯಾಸ ಇದ್ಯಾ?" ಎಂದಾಗ, ಇಲ್ಲ ಅಂದರೆ ಎಲ್ಲಿ ಸಂಬಂಧ ಕೈತಪ್ಪುತ್ತದೋ ಎಂದು ಹೆದರಿ ನಂಜುಂಡಯ್ಯ ಹಾಗೆ ಹೇಳಿಬಿಟ್ಟಿದ್ದ.

ಗುರುಮಲ್ಲಪ್ಪನವರಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಒಂದು ಹಿಡಿ ಸಿಗಾರು ತೆಗೆದು ಅವನ ಕೈಗೆ ತುರುಕಿದರು.

"ಭಾನುವಾರ ಸಂಜೆ ನಿಮ್ಮನೆಗೆ ಬರ್ತೀವಲ್ಲ, ಮಾತುಕತೆ ಮುಗಿಸಿ ಮಹಡಿ ಮೇಲೆ ಕೂತು ಇಬ್ರೂ ಸೇದೋಣ. ಹ್ಯುಮಿಡಾರ್ ಇದ್ಯಲ್ಲ?"

"ಇದೆ, ಇದೆ."

"ಒಣಗಿಸಿಬಿಟ್ಟೀರಾ ಮತ್ತೆ! ಸಿಗಾರ್ ಇಟ್ಕೊಳ್ಳೋ ರೀತಿ ನೋಡಿದ್ರೆ ಸಾಕು, ಮನುಷ್ಯ ಎಂಥವನು ಅಂತ ಹೇಳಿಬಿಡ್ತೀನಿ ನಾನು. ಆಮೇಲೆ, ನಮ್ಮನೆಯವಳ ಮುಂದೆ ಮಾತ್ರ ಈ ವಿಷಯ ಎತ್ಬೇಡಿ."

ಹ್ಯುಮಿಡಾರ್ ಎಂದರೇನೆಂದು ನಂಜುಂಡಯ್ಯನಿಗೆ ಮೊಬೈಲು ಹೇಳಿಕೊಟ್ಟಿತು. ಅದೊಂದು ದೇವದಾರು ಮರದ ಪೆಟ್ಟಿಗೆ. ಒಳಗೊಂದು ಒದ್ದೆ ಸ್ಪಂಜು, ತೇವ ತೋರಿಸುವ ಮುಳ್ಳಿನ ಡಬ್ಬಿ. ಮುಳ್ಳು ಎಪ್ಪತ್ತರ ಆಸುಪಾಸಿನಲ್ಲಿ ನಿಲ್ಲಬೇಕು. ಕೆಳಗಿಳಿದರೆ ಸಿಗಾರು ಪುಡಿಪುಡಿ, ಮೇಲೇರಿದರೆ ಬೂಷ್ಟು. ಹೊಸ ಪೆಟ್ಟಿಗೆಯಾದರೆ ಡಿಸ್ಟಿಲ್ಡ್ ವಾಟರಿನಲ್ಲಿ ಒರೆಸಿ ಒಂದು ವಾರ ಪಳಗಿಸಬೇಕು. ತರಿಸಿದ ಪೆಟ್ಟಿಗೆ ಬಂದಿದ್ದು ಭಾನುವಾರ ಬೆಳಿಗ್ಗೆ. ನಂಜುಂಡಯ್ಯನಿಗಿದ್ದ ಕಾಲಾವಕಾಶ ಸಂಜೆ ಕಾಫಿಯವರೆಗೆ ಮಾತ್ರ.

ಹೆಂಡತಿ ಮಹಾನಂದ ಲಿಂಗಪೂಜೆಗೆ ಕೂತಿದ್ದನ್ನು ನೋಡಿಕೊಂಡು ಅವನು ಚಾಮರಾಜಪೇಟೆ ಮುಖ್ಯರಸ್ತೆಯ ಬ್ಯಾಟರಿ ಅಂಗಡಿಗೆ ಓಡಿದ. ಡಿಸ್ಟಿಲ್ಡ್ ವಾಟರಿನ ಕ್ಯಾನು ಹಿಡಿದು ತಿರುಗುವಷ್ಟರಲ್ಲಿ ಪಕ್ಕದ ಮನೆಯ ಶೀನಣ್ಣ ಎದುರಿಗೆ ನಿಂತಿದ್ದರು. ರಿಟೈರಾದ ಮೇಲೆ ಬೀದಿಯವರ ಕೆಲಸವೆಲ್ಲ ತಮ್ಮದೇ ಅಂದುಕೊಂಡವರು ಅವರು.

"ಇದ್ಯಾಕ್ರೀ? ನಿಮ್ಮನೇಲಿ ಇನ್ವರ್ಟರೇ ಇಲ್ವಲ್ಲ!"

"ಸುಮ್ನೆ... ಪೆಟ್ಟಿಗೆ ಒರೆಸೋಕೆ."

ಬ್ಯಾಟರಿ ನೀರಿನಲ್ಲಿ ಪೆಟ್ಟಿಗೆ ಒರೆಸುವವನನ್ನು ಒಂಟಿಯಾಗಿ ಬಿಡುವುದು ಶೀನಣ್ಣನವರ ಜಾಯಮಾನವಲ್ಲ. ಹಿಂದೆಯೇ ಬಂದು, ನಂಜುಂಡಯ್ಯ ಬಾಗಿಲು ಹಾಕಿಕೊಳ್ಳುವ ಮೊದಲೇ ಮಹಡಿ ಕೋಣೆಯೊಳಗೆ ನುಗ್ಗಿ, ಸಿಗಾರೊಂದನ್ನೆತ್ತಿ ಮೂಸಿದರು.

"ಅಯ್ಯೋ ಚುಟ್ಟಾ! ನಮ್ಮ ತಾತ ಸೇದ್ತಿದ್ರು!"

ನಂಜುಂಡಯ್ಯ ಅವರ ಬಾಯಿ ಮುಚ್ಚಿ, ವಿಷಯವೆಲ್ಲ ಪಿಸುಗುಟ್ಟಬೇಕಾಯಿತು. "ಮಗಳ ಮದುವೆ ಈ ಮುಳ್ಳಿನ ಮೇಲೆ ನಿಂತಿದೆ ಶೀನಣ್ಣ. ನೋಡಿ, ನಲವತ್ತು ಬಿಟ್ಟು ಮೇಲಕ್ಕೇ ಏಳ್ತಿಲ್ಲ."

"ಇಷ್ಟೇನಾ? ಮಾರ್ಕೆಟ್‌ನಲ್ಲಿ ವೀಳ್ಯದೆಲೆಯೋರು ಏನ್ಮಾಡ್ತಾರೆ? ಒದ್ದೆ ಗೋಣಿಚೀಲ ಸುತ್ತಿ ಇಡ್ತಾರೆ. ನೀವು ಸುಮ್ನಿರಿ, ನಾನಿದೀನಿ."

ಆ ಕೊನೆಯ ಮಾತೇ ನಂಜುಂಡಯ್ಯನನ್ನು ಹೆದರಿಸಿದ್ದು. ಆದರೆ ಬೇರೆ ದಾರಿಯೂ ಕಾಣಲಿಲ್ಲ. ಸಿಗಾರುಗಳನ್ನು ಹೊರಗಿಟ್ಟು, ಪೆಟ್ಟಿಗೆಗೆ ಒದ್ದೆ ಗೋಣಿ ಸುತ್ತಿ ಬಚ್ಚಲಲ್ಲಿಟ್ಟರು. ತಿಂಡಿ ತಿಂದು ಬಂದು ನೋಡಿದರೆ ಮರ ಉಬ್ಬಿಕೊಂಡು ಮುಚ್ಚಳ ಜಪ್ಪಯ್ಯ ಅಂದರೂ ಏಳುತ್ತಿಲ್ಲ. ಶೀನಣ್ಣ ಮೊಣಕಾಲು ಊರಿ ಎಳೆದರು, ನಂಜುಂಡಯ್ಯ ಅವರ ಸೊಂಟ ಹಿಡಿದು ಎಳೆದ. ಕೊನೆಗೆ ಮುಚ್ಚಳ ಕಿತ್ತುಕೊಂಡಿತು, ಶೀನಣ್ಣ ಹೋಗಿ ನೀರು ತುಂಬಿದ ಬಕೆಟ್ಟಿನಲ್ಲಿ ಕೂತರು. ಮುಳ್ಳು ತೊಂಬತ್ತೈದರಲ್ಲಿತ್ತು.

"ಏರಿಸೋದು ಕಷ್ಟ ನೋಡಿ, ಇಳಿಸೋದು ಸುಲಭ" ಎಂದು ಪಂಚೆ ಹಿಂಡಿಕೊಂಡೇ ಅವರು ಶರಣ್ಯಳ ಹೇರ್ ಡ್ರೈಯರ್ ತರಿಸಿದರು. ಐದು ನಿಮಿಷ ಅದು ಭೋರೆಂದದ್ದಕ್ಕೆ ಮುಳ್ಳು ಇಪ್ಪತ್ತೈದಕ್ಕೆ ಬಂದು ಕೂತಿತು. ನಂಜುಂಡಯ್ಯನಿಗೆ ಅಳುವೇ ಬಂತು. ಮಗಳ ಮದುವೆ ಈ ಮನುಷ್ಯನ ಕೈಯಲ್ಲಿ ಒಮ್ಮೆ ನೆನೆದು ಒಮ್ಮೆ ಒಣಗುವುದನ್ನು ಅವನಿಂದ ನೋಡಲಾಗಲಿಲ್ಲ.

ಸಿಗಾರುಗಳನ್ನು ಮತ್ತೆ ಪೆಟ್ಟಿಗೆಯೊಳಗೆ ಜೋಡಿಸುತ್ತಿದ್ದಾಗ ಬಾಗಿಲಲ್ಲಿ ಮಹಾನಂದ ನಿಂತಿದ್ದಳು. ಹಣೆಯ ಮೇಲೆ ವಿಭೂತಿ, ಸೊಂಟದ ಮೇಲೆ ಕೈ.

"ಏನ್ರೀ ಅದು?"

ನಂಜುಂಡಯ್ಯ ಶೀನಣ್ಣನವರ ಮುಖ ನೋಡಿದ. ಶೀನಣ್ಣ ಸೂರು ನೋಡಿದರು.

"ಧೂಪ" ಎಂದ ನಂಜುಂಡಯ್ಯ. "ಬೀಗರು ಬರ್ತಾರಲ್ಲ, ಅದಕ್ಕೇ ತರಿಸಿದ್ದು. ಬಹಳ ದುಬಾರಿದು. ಒಣಗಬಾರದಂತೆ."

ಮಹಾನಂದ ಒಂದನ್ನು ಎತ್ತಿ ನೋಡಿದಳು. ದಪ್ಪನೆ ಕಂದು ಕೋಲು, ಸುತ್ತ ಬಂಗಾರದ ಬಣ್ಣದ ಕಾಗದ. ಅವಳ ಕಣ್ಣು ತುಂಬಿ ಬಂತು. ಮದುವೆಯಾದ ಲಾಗಾಯ್ತಿನಿಂದ ದೇವರ ಮನೆಗೆಂದು ಗಂಡ ಒಂದು ಬತ್ತಿ ತಂದವನಲ್ಲ. "ಇಂಥಾದ್ದನ್ನ ಬಚ್ಚಲ ಹತ್ರ ಇಡ್ತಾರೇನ್ರೀ?" ಎಂದು ಪೆಟ್ಟಿಗೆಯನ್ನು ಸೆರಗಿನಲ್ಲಿ ಒರೆಸಿ ದೇವರ ಮನೆಗೆ ಎತ್ತಿಕೊಂಡು ಹೋದಳು.

ಮಧ್ಯಾಹ್ನ ನಂಜುಂಡಯ್ಯ ಕಳ್ಳಹೆಜ್ಜೆಯಲ್ಲಿ ಹೋಗಿ ನೋಡಿದ. ದೇವರ ಮನೆಗೆ ಕಿಟಕಿ ಇಲ್ಲ. ಬೆಳಿಗ್ಗೆ ತೊಳೆದ ನೆಲ, ಅಭಿಷೇಕದ ನೀರು, ಒದ್ದೆ ಹೂವು, ತುಂಬಿದ ಬಿಂದಿಗೆ. ಮುಳ್ಳು ಎಪ್ಪತ್ತರ ಮೇಲೆ ಅಲುಗಾಡದೆ ನಿಂತಿತ್ತು. ಅವನು ನಿಜವಾದ ಭಕ್ತಿಯಿಂದ ಕೈ ಮುಗಿದ. ಬೀಗರು ಬಂದಾಗ ಉಪಾಯವಾಗಿ ಎತ್ತಿಕೊಂಡರಾಯಿತು, ಒಂದು ಸಲ ಕೆಮ್ಮಿ ಮುಗಿಸಿದರೆ ಈ ಪೆಟ್ಟಿಗೆಯ ಋಣ ಹರಿಯುತ್ತದೆ ಎಂದು ಲೆಕ್ಕ ಹಾಕಿ, ಊಟ ಮಾಡಿ ಗೊರಕೆ ಹೊಡೆದ.

ಸಂಜೆ ಗುರುಮಲ್ಲಪ್ಪನವರು ಹೆಂಡತಿ ಗಿರಿಜಾಂಬಾ ಅವರೊಂದಿಗೆ ಬಂದರು. ಮಹಾನಂದ ಕುಂಕುಮ ಕೊಟ್ಟು ಉಪಚರಿಸಿ, ದೀಪ ಹಚ್ಚಿ ಬರುತ್ತೇನೆಂದು ಒಳಗೆ ಹೋದಳು. ಶರಣ್ಯ ಕೇಸರಿಬಾತು, ಕಾಫಿ ತಂದಳು. ಗಿರಿಜಾಂಬಾ ಜಾಸ್ತಿ ಮಾತಾಡಲಿಲ್ಲ, ಗೋಡೆಯಿಂದ ಗೋಡೆಗೆ ಕಣ್ಣಾಡಿಸುತ್ತಿದ್ದರು. ಗುರುಮಲ್ಲಪ್ಪನವರು ಹುಬ್ಬು ಹಾರಿಸಿ ಮಹಡಿಯ ಕಡೆ ಸನ್ನೆ ಮಾಡಿದರು. ನಂಜುಂಡಯ್ಯ ಎದ್ದು ದೇವರ ಮನೆಯ ಬಾಗಿಲಿಗೆ ಹೋದವನು ಅಲ್ಲೇ ಕಲ್ಲಾದ.

ಮಹಾನಂದ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಅದರ ಮೇಲೆ ಅಷ್ಟೂ ಸಿಗಾರುಗಳನ್ನು ಸೌದೆಯಂತೆ ಪೇರಿಸಿದ್ದಳು. "ಸ್ವಲ್ಪ ಘಾಟು ಕಣ್ರೀ" ಎನ್ನುತ್ತ ಗಂಟೆ ಬಾರಿಸಿದಳು. ಹೊಗೆ ಮೋಡದಂತೆ ಹೊರಟು ನಡುಮನೆಯನ್ನೆಲ್ಲ ತುಂಬಿತು. ಗುರುಮಲ್ಲಪ್ಪನವರು ಮೂಗರಳಿಸಿದರು, ಎದ್ದು ಬಂದು ಇಣುಕಿದರು. ಮಗಳ ಮದುವೆ ಹೊಗೆಯಾಗಿ ಹೋಗುವುದನ್ನು ನಂಜುಂಡಯ್ಯ ಕಣ್ಣಾರೆ ಕಂಡ.

"ಇದೇ ವಾಸನೆ!" ಎಂದು ಹಿಂದಿನಿಂದ ಗಿರಿಜಾಂಬಾ ಕೂಗಿದರು. "ಇವರು ದಿನಾ ಸಂಜೆ ಮಹಡಿ ಮೇಲೆ ಧ್ಯಾನ ಮಾಡಿ ಇಳಿದು ಬಂದಾಗ ಇದೇ ವಾಸನೆ! ಧೂಪ ಹಚ್ಕೊಂಡು ಕೂತಿದ್ದೆ ಅಂತಾರೆ, ನಾನು ಇಷ್ಟು ವರ್ಷ ನಂಬಲೇ ಇಲ್ಲ ಕಣ್ರೀ. ದೇವರಂಥಾ ಮನುಷ್ಯನ್ನ ಅನುಮಾನಿಸಿಬಿಟ್ಟೆ!"

ಗುರುಮಲ್ಲಪ್ಪನವರು ಕೂಡಲೇ ಕಣ್ಣು ಮುಚ್ಚಿ ಕೈ ಜೋಡಿಸಿದರು. ಗಿರಿಜಾಂಬಾ ಧೂಪವನ್ನು ಕಣ್ಣಿಗೊತ್ತಿಕೊಂಡು, ಇಂಥ ಮನೆಯ ಹುಡುಗಿಯೇ ತಮಗೆ ಬೇಕು ಎಂದು ಅಲ್ಲೇ ಮಾತು ಕೊಟ್ಟರು. "ನಾಳೆಯಿಂದ ನಮ್ಮನೇಲೂ ದೇವರ ಮುಂದೇನೇ ಹಚ್ತೀನಿ. ಇರೋದನ್ನೆಲ್ಲ ತಂದು ನನ್ನ ಕೈಗೆ ಕೊಡಿ ನೀವು" ಎಂದು ಗಂಡನಿಗೆ ಅಪ್ಪಣೆಯನ್ನೂ ಮಾಡಿದರು.

ಹೊರಡುವಾಗ ಗುರುಮಲ್ಲಪ್ಪನವರು ನಂಜುಂಡಯ್ಯನನ್ನು ಗೇಟಿನ ಮರೆಗೆ ಎಳೆದುಕೊಂಡರು.

"ಬೀಗರೇ, ಮಾನ ಉಳಿಸಿದ್ರಿ. ಆದ್ರೆ ಇನ್ನು ಮನೇಲಿಟ್ರೆ ನನ್ನ ಮಾಲೆಲ್ಲಾ ಪೂಜೆಗೆ ಹೋಗುತ್ತೆ. ನಾಳೆ ನಿಮ್ಮ ಅಂಗಡಿಗೆ ಕಳಿಸ್ತೀನಿ, ಮುಳ್ಳು ಎಪ್ಪತ್ತು ಬಿಟ್ಟು ಅಲ್ಲಾಡದ ಹಾಗೆ ನೋಡ್ಕೊಳ್ಳಿ. ಸಂಜೆ ಹೊತ್ತು ಅಲ್ಲಿಗೇ ಬಂದ್ಬಿಡ್ತೀನಿ. ನಿಮಗೂ ದಿನಾ ಒಂದು ಬೇಕೇ ಬೇಕಲ್ಲ!"

ಮಾರನೆಯ ದಿನ ಬೀರುವಿನಂಥ ಹ್ಯುಮಿಡಾರು ಬಂತು. ಅದಕ್ಕೆ ಜಾಗ ಮಾಡಲು ಗಾಜಿನ ಬಳೆಗಳು ಅಟ್ಟ ಹತ್ತಿದವು. ಮುಳ್ಳು ನಲವತ್ತರಲ್ಲಿತ್ತು. ಸಂಜೆ ಬೀಗರು ಬಂದರು, ಹಚ್ಚಿಕೊಟ್ಟರು, ನಂಜುಂಡಯ್ಯ ಸೇದಿದ, ಕೆಮ್ಮಿದ, ಕಣ್ಣೊರೆಸಿಕೊಂಡು "ಬಹಳ ಚೆನ್ನಾಗಿದೆ" ಎಂದ.

ತಲೆ ಗಿರ್ರೆನ್ನುತ್ತ ಮನೆಗೆ ಬಂದವನ ಅಂಗಿಯನ್ನು ಮಹಾನಂದ ಮೂಸಿ ನೋಡಿದಳು.

"ಏನ್ರೀ ವಾಸನೆ?"

"ಧೂಪ ಕಣೇ. ಅಂಗಡೀಲೂ ಹಚ್ಚೋಕೆ ಶುರು ಮಾಡಿದೀನಿ."

"ಎಷ್ಟು ಒಳ್ಳೇದಾಯ್ತು!" ಎಂದು ಅವಳು ಮುಖವರಳಿಸಿದಳು. "ಗಿರಿಜಾಂಬಾ ಅವರು ಆಗಲೇ ಫೋನ್ ಮಾಡಿದ್ರು. ಮನೇಲಿ ಧೂಪವೇ ಸಿಗ್ತಿಲ್ವಂತೆ ಪಾಪ. ನಾಳೆ ಸಂಜೆ ಅವರನ್ನೂ ಕರ್ಕೊಂಡು ಅಂಗಡಿಗೇ ಬಂದ್ಬಿಡ್ತೀನಿ, ಎಲ್ರೂ ಒಟ್ಟಿಗೆ ಕೂತು ಪೂಜೆ ಮಾಡೋಣ."