ಗೇಟಿನೆದುರಿನ ಒಂಟಿ ಕಂಬ

"ಕಾರು ಬರೋ ವಿಷ್ಯ ಈ ಬೀದೀಲಿ ಒಬ್ಬರಿಗೂ ಗೊತ್ತಾಗಕೂಡದು. ನರಸಿಂಹಯ್ಯನವರ ದೃಷ್ಟಿ ತಾಗಿದ್ರೆ ಶೋರೂಮಲ್ಲೇ ಟೈರ್ ಪಂಕ್ಚರ್ ಆಗುತ್ತೆ," ಎಂದು ಮಂಜುಶ್ರೀ ಗಂಡನಿಂದ ಆಣೆ ಮಾಡಿಸಿಕೊಂಡದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ.

ಯಶವಂತ್ ಅಲ್ಲಾಳಸಂದ್ರದ ಆ ಬೀದಿಯಲ್ಲಿ ಇಪ್ಪತ್ತು ವರ್ಷ ಒಂದು ಸ್ಕೂಟರನ್ನೇ ನಂಬಿಕೊಂಡು ಬದುಕಿದವನು. ಐವತ್ತಕ್ಕೆ ಎರಡು ವರ್ಷ ಇರುವಾಗ ಮೊದಲ ಕಾರು ಕೊಂಡಿದ್ದ. ಸಂಜೆ ಶೋರೂಮಿನಿಂದ ತಂದು, ಆರೂಕಾಲರೊಳಗೆ ಗೇಟು ದಾಟಿಸಿ, ಆರತಿ ಎತ್ತಬೇಕೆಂದು ಪುರೋಹಿತರು ಮುಹೂರ್ತ ಕೊಟ್ಟಿದ್ದರು. ಅದನ್ನು ನೋಡಲು ಯಶವಂತಪುರದಿಂದ ಭಾವಮೈದ ಉಮೇಶ್ ಬರುವವನಿದ್ದ. "ಕಾರು ತಗೊಳ್ಳೋದು ದೊಡ್ಡದಲ್ಲ ಭಾವ, ನಿಲ್ಸೋಕೆ ಜಾಗ ಬೇಕು. ನಿಮ್ ಕಾರಿಗೆ ಬೀದೀನೇ ಗತಿ," ಎಂದು ಅವನು ಹಬ್ಬದ ಪಂಕ್ತಿಯಲ್ಲಿ ಎಲ್ಲರೆದುರು ಅಂದದ್ದು ಯಶವಂತನಿಗೆ ಇನ್ನೂ ಉರಿಯುತ್ತಿತ್ತು. ಇವತ್ತು ಕಾರು ಒಳಗೆ ಹೋಗಲೇಬೇಕು, ಉಮೇಶ್ ಅದನ್ನು ನೋಡಲೇಬೇಕು.

ಅಡ್ಡಿಯಾಗಿದ್ದದ್ದು ಒಂದೇ ಒಂದು ಕಲ್ಲುಕಂಬ. ಬಡಾವಣೆ ಆಗುವ ಮೊದಲು ಅಲ್ಲಿ ಮುನಿವೆಂಕಟಮ್ಮನವರ ದ್ರಾಕ್ಷಿ ತೋಟವಿತ್ತು. ಬೇಲಿಯ ಬೇರೆ ಕಂಬಗಳೆಲ್ಲ ಯಾರ್ಯಾರದೋ ಮನೆಯ ಮೆಟ್ಟಿಲು, ಬಟ್ಟೆ ಒಗೆಯುವ ಕಲ್ಲು ಆಗಿಹೋದವು. ಇದೊಂದು ಮಾತ್ರ ಯಶವಂತನ ಗೇಟಿಗೆ ಮೂರಡಿ ಮುಂದೆ, ನಟ್ಟನಡುವೆ ಉಳಿದುಕೊಂಡಿತ್ತು. ಸ್ಕೂಟರು ಅದರ ಪಕ್ಕದಲ್ಲಿ ನುಸುಳುತ್ತಿತ್ತು, ಕಾರು ನುಸುಳುವಂತಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿ ಅಕ್ಬರ್ ಪಾಷಾ ತನ್ನ ಆಳುಗಳು, ಹಾರೆ, ಗುದ್ದಲಿ, ಹಗ್ಗ, ಗೂಡ್ಸ್ ಆಟೊ ಸಮೇತ ಬಂದಿಳಿದ. ಹಾರೆಯ ಮೊದಲ ಏಟಿಗೇ ಪಕ್ಕದ ಮನೆಯ ನರಸಿಂಹಯ್ಯ ಟವೆಲಿನಲ್ಲಿ ಪ್ರತ್ಯಕ್ಷರಾದರು.

"ಏನ್ರೀ ಯಶವಂತ್, ಯಾಕ್ರೀ ಕೀಳಿಸ್ತಿದೀರಾ?"

ಯಶವಂತ್ ಆಣೆಯನ್ನು ನೆನೆದ. "ವಾಸ್ತು ಸಾರ್. ಬಾಗಿಲೆದುರು ಕಂಬ ಇರಬಾರ್ದಂತೆ."

"ಇಪ್ಪತ್ತು ವರ್ಷ ಆದ್ಮೇಲೆ ಗೊತ್ತಾಯ್ತಾ? ಅದಕ್ಕೆ ನನ್ ಕ್ಯಾಮೆರಾ ಕಟ್ಟಿದೀನಿ ಕಣ್ರೀ! ದಿನಾ ಬೆಳಿಗ್ಗೆ ಯಾರೋ ನಮ್ ದಾಸವಾಳ ಕದೀತಾರೆ. ಇನ್ನೇನು ಸಿಕ್ಕಿಬೀಳೋದ್ರಲ್ಲಿದ್ರು!"

ಕದಿಯುವವಳು ಮಂಜುಶ್ರೀ ಎಂಬುದು ಯಶವಂತನಿಗೆ ಗೊತ್ತಿತ್ತು. ಕ್ಯಾಮೆರಾವನ್ನು ತನ್ನ ಕಿಟಕಿಗೇ ಕಟ್ಟಿಸಿಕೊಡುತ್ತೇನೆಂದು ಧಾರಾಳವಾಗಿ ಒಪ್ಪಿಕೊಂಡು, ಅದರ ಮುಖವನ್ನು ಆಕಾಶಕ್ಕೆ ತಿರುಗಿಸಿ ಕಟ್ಟಿಸಿದ.

ಅಷ್ಟರಲ್ಲಿ ಎದುರುಮನೆಯ ಹಬೀಬುಲ್ಲಾ ಒಂದು ಲಗ್ನಪತ್ರಿಕೆ ಹಿಡಿದು ಓಡಿಬಂದರು.

"ಯಶವಂತ್ ಸಾರ್, ನನ್ ಮಗಳು ಆಯೇಷಾ ಮದ್ವೆ ಕಾರ್ಡಲ್ಲಿ ಮ್ಯಾಪ್ ಹಾಕ್ಸಿದೀನಿ, ನೋಡಿ. ಒಂಟಿ ಕಂಬದ ಎದುರು ಮನೆ ಅಂತ! ಐನೂರು ಕಾರ್ಡ್ ಹಂಚಾಗಿದೆ. ಮುಂದಿನ್ ವಾರ ಜನ ಬಂದು ಕಂಬ ಹುಡುಕ್ತಾರೆ."

"ಅಷ್ಟೇ ತಾನೆ? ಆ ದಿನ ಕಂಬದ ಜಾಗದಲ್ಲಿ ನಾನೇ ನಿಂತ್ಕೋತೀನಿ, ಬಿಡಿ," ಎಂದ ಯಶವಂತ್ ತಮಾಷೆಗೆ.

ಹಬೀಬುಲ್ಲಾ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದರು. "ಎಷ್ಟೊತ್ತಿಂದ ಎಷ್ಟೊತ್ತಿನ್ ತಂಕ?"

ಚೌಕಾಸಿ ನಡೆದು, ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಎಂದು ತೀರ್ಮಾನವಾಯಿತು. ಬೂದು ಬಣ್ಣದ ಶರ್ಟನ್ನೇ ಹಾಕಿಕೊಳ್ಳಬೇಕೆಂಬ ಷರತ್ತೂ ಸೇರಿತು.

ಮೂರನೆಯವರಾಗಿ ಮುನಿವೆಂಕಟಮ್ಮ ತಮ್ಮ ಹಸು ಗೌರಿಯನ್ನು ಹಿಡಿದುಕೊಂಡು ಬಂದರು. "ನಮ್ ಮಾವ ನೆಟ್ಟಿರೋ ಕಲ್ಲು ಕಣಪ್ಪಾ ಅದು. ಇಂಗೆ ಕಿತ್ತಾಕ್ಬುಟ್ರೆ ಗೌರಿನ ಎಲ್ಲಿ ಕಟ್ಲಿ? ನಿನ್ ಎಗಲಿಗಾ?"

"ಕಂಬ ನೀವೇ ತಗೊಂಡೋಗಿ ಅಮ್ಮ. ಬೀದಿ ಕೊನೇಲಿ ನಿಮ್ ಸೈಟ್ ಇದ್ಯಲ್ಲ, ಪಾಷಾ ಅಲ್ಲೇ ನೆಟ್ಕೊಡ್ತಾನೆ."

"ಅಂಗಾರೆ ಸರಿ," ಎಂದು ಅವರು ಹಸುವಿನ ಹಗ್ಗವನ್ನು ಯಶವಂತನ ಕೈಗಿಟ್ಟು ಊಟಕ್ಕೆ ಹೋದರು. ಮಧ್ಯಾಹ್ನವೆಲ್ಲ ಅವನೇ ಗೌರಿಯ ಕಂಬವಾಗಿದ್ದ.

ಕಲ್ಲು ಮಾತ್ರ ಜಗ್ಗಲಿಲ್ಲ. ನಾಲ್ಕಡಿ ಅಗೆದರೂ ಬುಡ ಕಾಣಲಿಲ್ಲ. ಮಣ್ಣು ಸಡಿಲವಾಗಲೆಂದು ಸಂಪಿನ ನೀರೆಲ್ಲ ಗುಂಡಿಗೆ ಸುರಿದರು. ಹಗ್ಗವನ್ನು ಆಟೊಗೆ ಕಟ್ಟಿ ಎಳೆದಾಗ ಕಂಬ ಇದ್ದಲ್ಲೇ ಇತ್ತು, ಆಟೊದ ಮುಂದಿನ ಚಕ್ರ ಮೇಲೆದ್ದಿತು. ಬೆಳಿಗ್ಗೆ ತಕರಾರು ತೆಗೆದವರೇ ಈಗ "ಎಡಕ್ಕೆ! ಬಲಕ್ಕೆ! ಹಾಂ, ಅಲ್ಲಾಡ್ತು!" ಎಂದು ಕೂಗುತ್ತ ಹಗ್ಗಕ್ಕೆ ಕೈಹಾಕಿದರು. ಮೂರೂವರೆಗೆ ಕಂಬ ಮೇಲೆ ಬಂತು, ಯಶವಂತ್ ಕೆಸರಿಗೆ ಬಿದ್ದ. ಗುಂಡಿಯನ್ನು ಇಟ್ಟಿಗೆ ಚೂರು ತುಂಬಿ ಸಮ ಮಾಡಿದರು. ಅವನು ಸ್ನಾನ ಮಾಡಿ, ಮನೆಗೆ ಬೀಗ ಹಾಕಿ, ಹೆಂಡತಿಯೊಂದಿಗೆ ಗುಟ್ಟಾಗಿ ಶೋರೂಮಿಗೆ ಹೊರಟ.

ಆರಕ್ಕೆ ಹೂವಿನ ಹಾರ ಹಾಕಿಕೊಂಡ ಕೆಂಪು ಕಾರು ಬೀದಿಗೆ ತಿರುಗಿತು. ಯಶವಂತನಿಗೆ ಎದೆ ತುಂಬಿ ಬಂತು. ಗೇಟಿನ ಬಳಿ ಉಮೇಶ್ ಕೈಕಟ್ಟಿ ನಿಂತಿದ್ದ. ಅವನ ಪಕ್ಕದಲ್ಲಿ, ಗೇಟಿಗೆ ಅಡ್ಡಲಾಗಿ, ಒಂದು ಬಿಳಿ ಕಾರು ನಿಂತಿತ್ತು.

"ಯಾರ್ದು ಸಾರ್ ಇದು?" ಯಶವಂತ್ ಕಾರಿನ ಕಿಟಕಿಯಿಂದ ತಲೆ ಹೊರಹಾಕಿದ.

ನರಸಿಂಹಯ್ಯ ಹೆಮ್ಮೆಯಿಂದ ಮುಂದೆ ಬಂದರು. "ಪಾಪ ಕಣ್ರೀ, ಯಾರೋ ಏರ್‌ಪೋರ್ಟಿಗೆ ಹೊರಟೋರು, ಕಾರ್ ನಿಲ್ಸೋಕೆ ಜಾಗ ಇಲ್ದೆ ಪರದಾಡ್ತಿದ್ರು. ಕಂಬ ಹೋಯ್ತಲ್ಲ, ನಾನೇ ನಿಂತು ಬನ್ನಿ ಬನ್ನಿ ಅಂತ ಹಾಕಿಸ್ದೆ. ಗೇಟ್ ಇದ್ಯಲ್ಲ ಅಂದ್ರು. ಇವರತ್ರ ಸ್ಕೂಟರ್ ಬಿಟ್ರೆ ಏನೂ ಇಲ್ಲ, ನಿಶ್ಚಿಂತೆಯಾಗಿ ಹೋಗಿ ಅಂದೆ. ಮುಂದಿನ್ ತಿಂಗಳು ಬರ್ತಾರೆ. ಅರೆ, ಈ ಕೆಂಪು ಕಾರು ಯಾರ್ದ್ರೀ?"

ಯಶವಂತ್ ಹೆಂಡತಿಯನ್ನು ನೋಡಿದ. ಮಂಜುಶ್ರೀ ಮಡಿಲಲ್ಲಿದ್ದ ಆರತಿ ತಟ್ಟೆಯನ್ನೇ ನೋಡುತ್ತಿದ್ದಳು.

"ನಾನ್ ಹೇಳಿರ್ಲಿಲ್ವಾ ಭಾವ?" ಎಂದ ಉಮೇಶ್.

ಮುನಿವೆಂಕಟಮ್ಮನಿಗೆ ಕರುಳು ಚುರುಕ್ಕೆಂದಿತು. "ಮಕ ಯಾಕಪ್ಪಾ ಸಪ್ಪಗೆ ಮಾಡ್ಕಂತೀಯ? ನನ್ ಸೈಟ್ನಾಗೆ ನಿಲ್ಸು ಬಾ. ಕಾಂಪೌಂಡ್ ಅದೆ, ಗೇಟ್ ಅದೆ, ಇನ್ನೇನ್ ಬೇಕು?"

ಇನ್ನೂ ಹತ್ತು ನಿಮಿಷವಿತ್ತು. ಯಶವಂತ್ ಕಾರನ್ನು ಬೀದಿಯ ಕೊನೆಗೆ ಓಡಿಸಿದ. ಹಿಂದೆ ಇಡೀ ಬೀದಿ ಓಡಿಬಂತು. ಸೈಟಿನ ಮುಂದೆ ಬ್ರೇಕ್ ಹಾಕಿ ನೋಡಿದರೆ, ಗೇಟಿಗೆ ಮೂರಡಿ ಮುಂದೆ, ನಟ್ಟನಡುವೆ, ಅದೇ ಕಂಬ. ಅದಕ್ಕೆ ಗೌರಿಯನ್ನು ಕಟ್ಟಿತ್ತು.

ಅಕ್ಬರ್ ಪಾಷಾ ಕೈ ತೊಳೆಯುತ್ತಿದ್ದವನು ನಗುನಗುತ್ತ ಎದ್ದು ಬಂದ. "ಅಲ್ಲಿ ಹೆಂಗಿತ್ತೋ ಹಂಗೇ ನೆಡು ಅಂತ ಅಮ್ಮ ಹೇಳಿದ್ರು ಸಾರ್. ಟೇಪ್ ಹಿಡಿದು ನೆಟ್ಟಿದೀನಿ, ಒಂದಿಂಚು ಆಚೀಚೆ ಇಲ್ಲ. ಆಗಿನವ್ರು ಬರೀ ಮಣ್ಣಲ್ಲಿ ಹೂತಿದ್ರು. ನಾನು ಮೂರು ಮೂಟೆ ಸಿಮೆಂಟ್ ಹಾಕಿದೀನಿ. ಇನ್ನು ನೂರು ವರ್ಷ ಯಾರೂ ಕೀಳಕ್ಕಾಗಲ್ಲ!"

ಗೌರಿ ನಿಧಾನವಾಗಿ ಕತ್ತು ಚಾಚಿ ಕಾರಿನ ಹೂವಿನ ಹಾರಕ್ಕೆ ಬಾಯಿ ಹಾಕಿತು.