ಕೆಟ್ಟ ನೆನಪು

ಗ್ರಂಥಾಲಯದ ಲಿನಕ್ಸ್ ಸರ್ವರ್ ಮತ್ತೆ ಫೈಲುಗಳನ್ನು ಕೆಡಿಸಿತ್ತು. ನಿನ್ನೆ ಸರಿಯಾಗಿದ್ದ ಪುಸ್ತಕಗಳ ಪಟ್ಟಿಯನ್ನು ಇವತ್ತು ತೆರೆದರೆ ಇರುವೆ ಹರಿದಾಡಿದ ಹಾಗೆ ಅಕ್ಷರಗಳು. ಸರ್ವರನ್ನು ನೋಡಿಕೊಳ್ಳುವವನಿಗೆ ಎಲ್ಲರೂ ಇಟ್ಟ ಹೆಸರು ಡಾಕ್ಟರ್. ಪಾಪ, ಈ ಡಾಕ್ಟರಿಗೆ ಸಂಜೆ ಮಗಳ ನಾಟಕವಿತ್ತು. ಹೋದ ಸಲದ ನಾಟಕವನ್ನು ಇದೇ ಸರ್ವರ್ ನುಂಗಿ ನೀರು ಕುಡಿದಿತ್ತು.

"ಡಿಸ್ಕ್ ಬದಲಾಯಿಸಪ್ಪ," ಎಂದರು ಹಳೆ ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡಿಂಗ್ ತಾತ. "ಗೆದ್ದಲು ಹಿಡಿದ್ರೆ ನಾವು ಕಪಾಟು ಬದಲಾಯಿಸಲ್ವಾ?"

"ಅದೂ ಆಯ್ತು ತಾತ. ಹೊಸದರಲ್ಲೂ ಇದೇ ಗೋಳು."

"ಏನಾದ್ರೂ ಆಗ್ಲಿ," ಎಂದರು ಮುಖ್ಯಸ್ಥೆ ಮೇಡಂ, "ಇದು ಸರಿಹೋಗೋವರೆಗೂ ನೀವು ಮನೆಗೆ ಹೋಗೋ ಹಾಗಿಲ್ಲ."

ನಿಜ ಹೇಳಬೇಕೆಂದರೆ, ಅವನು ಕೆಲಸ ಮಾಡುವುದನ್ನು ನೋಡುವುದೇ ಒಂದು ಸೊಗಸು. ಒಂದೇ ಫೈಲನ್ನು ಮತ್ತೆ ಮತ್ತೆ ನಕಲು ಮಾಡಿದ. ಒಂದೊಂದು ನಕಲೂ ಒಂದೊಂದು ತರಹ ಬಂತು. ಗಲ್ಲ ಕೆರೆದುಕೊಂಡು ಹೇಳಿದ: "ಬರೆಯೋ ಕೈ ಸರಿಯಾಗೇ ಇದೆ ಮೇಡಂ. ಹೇಳಿ ಬರೆಸೋ ಬಾಯಿ ತಪ್ಪು ಹೇಳ್ತಿದೆ. ಡಿಸ್ಕಿಗೆ ಹೋಗೋ ಮುಂಚೆ ಎಲ್ಲಾ ಮೆಮೊರೀಲಿ ಇರುತ್ತಲ್ಲ, ಕೆಟ್ಟಿರೋದು ಅದು."

"ಮೆಮೊರಿ ಅಂದ್ರೆ ನೆನಪು ತಾನೆ? ಅದೂ ಕೆಡುತ್ತಾ?" ಎಂದರು ತಾತ.

"ವಯಸ್ಸಾದ್ರೆ ಕೆಡುತ್ತೆ ತಾತ."

ತಾತ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು.

ಸರ್ವರಿನಲ್ಲಿ ಮೆಮೊರಿಯ ಚಿಪ್ ಪಟ್ಟಿಗಳು ಎರಡು, ಗುರುತು ಹತ್ತದ ಅವಳಿ ಮಕ್ಕಳ ಹಾಗೆ. ಒಂದೊಂದನ್ನೇ ಹಾಕಿ ಮಧ್ಯಾಹ್ನವೆಲ್ಲ ಪರೀಕ್ಷಿಸಿ ಕೊನೆಗೂ ಕಳ್ಳನನ್ನು ಹಿಡಿದೇಬಿಟ್ಟ. ಕೆಟ್ಟದ್ದರ ಮೇಲೆ ಸೀಮೆಸುಣ್ಣದ ಚುಕ್ಕೆಯಿಟ್ಟು, ಸರ್ವರಿನೊಳಗಿನ ಧೂಳು ತೆಗೆಯಲೆಂದು ಎರಡನ್ನೂ ಮೇಜಿನ ಮೇಲಿಟ್ಟ. ಇನ್ನು ಒಳ್ಳೆಯದನ್ನು ಸಿಕ್ಕಿಸಿದರೆ ನಾಟಕಕ್ಕೆ ಓಡಬಹುದು.

ಅಷ್ಟರಲ್ಲಿ ಸುದ್ದಿ ಹಬ್ಬಿ ಎಲ್ಲರೂ ಬಂದರು. "ಭಲೇ ಡಾಕ್ಟ್ರೇ, ಇಷ್ಟು ಚಿಕ್ಕದು ನಮ್ಮನ್ನೆಲ್ಲ ಕುಣಿಸ್ತಾ?" ಎನ್ನುತ್ತ ಪಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಮೇಡಂ ಕೂಡ ಬೆನ್ನು ತಟ್ಟಿದರು. ಅವನಿಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಹೆಂಡತಿಯ ಫೋನ್ ಬಂದಾಗ ಹೊರಗೆ ಹೋದ.

"ನೆನಪಿದೆ ತಾನೆ?"

"ಹೊರಟೆ ಕಣೆ. ಈ ಸಲ ಮುಂದಿನ ಸಾಲಲ್ಲೇ ಕೂತ್ಕೋತೀನಿ," ಎನ್ನುತ್ತ ಒಳಗೆ ಬಂದ.

ಮೇಜಿನ ಮೇಲೆ ಪಟ್ಟಿಗಳೆರಡೂ ಫಳಫಳ ಹೊಳೆಯುತ್ತಿದ್ದವು. ತಾತ ಕರವಸ್ತ್ರ ಮಡಚುತ್ತಿದ್ದರು.

"ನಮ್ಮದೂ ಒಂದು ಸಣ್ಣ ಸೇವೆ ಕಣಪ್ಪ. ಒಂದರ ಮೇಲೆ ಏನೋ ಬಿಳಿ ಕಲೆ ಇತ್ತು. ಎರಡನ್ನೂ ಚೆನ್ನಾಗಿ ಒರೆಸಿಟ್ಟಿದೀನಿ."

"ರೀ, ಕೇಳಿಸ್ತಾ? ನಿಜವಾಗ್ಲೂ ನೆನಪಿದೆ ತಾನೆ?" ಎಂದಿತು ಫೋನು.

"ಇದೆ ಕಣೆ," ಎಂದು ಅವನು ಎರಡೂ ಪಟ್ಟಿಗಳನ್ನು ಕೈಗೆತ್ತಿಕೊಂಡ. "ಎರಡಿದೆ. ಒಳ್ಳೇದು ಯಾವುದು ಅಂತ ಗೊತ್ತಾಗೋಷ್ಟರಲ್ಲಿ ನಾಟಕ ಮುಗಿದಿರುತ್ತೆ."