ಮದ್ದು ತೂಗುವ ಕಾಕಾ

ಕುವೈತಿನಲ್ಲಿ ನಾನು ಕಂಡ ಗಂಡಸರಲ್ಲಿ ಎಲ್ಲರಿಗಿಂತ ಪುಕ್ಕಲು ಯಾರೆಂದು ಕೇಳಿದರೆ, ಹಿಂದೆಮುಂದೆ ನೋಡದೆ ನಮ್ಮ ಪಕ್ಕದ ಫ್ಲ್ಯಾಟಿನ ಕಾಕಾನ ಕಡೆ ಬೆರಳು ತೋರಿಸುತ್ತೇನೆ. ಲಿಫ್ಟಿಗೆ ಹೆದರಿ ನಾಲ್ಕು ಮಹಡಿ ಹತ್ತುವವರು. ಹೆಂಡತಿಯ ಕುಕ್ಕರ್ ಕೂಗಿದರೆ ಎದೆ ಹಿಡಿದುಕೊಳ್ಳುವವರು. ಇಂಥವರ ಉದ್ಯೋಗ ಏನಿರಬಹುದು ಹೇಳಿ? ರಿವಾಲ್ವರಿನ ಕಾಡತೂಸಿಗೆ ಮದ್ದು ತುಂಬುವುದು!

ಇದು ನಮಗೆ ತಿಳಿದದ್ದು ನನ್ನ ಹೆಂಡತಿಯ ಸೊಂಟನೋವಿನ ಕೃಪೆಯಿಂದ. ಕಾಕಾ ಬಾಗಲಕೋಟೆ ಕಡೆಯವರು, ನಾವು ಪುತ್ತೂರಿನವರು. ರಿಗ್ಗೈಯ ಆ ಹಳೆಯ ಕಟ್ಟಡದಲ್ಲಿ ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಗೋಡೆಯಾದರೂ ಕನ್ನಡ ಮಾತ್ರ ಎರಡು. ಒಂದು ದಿನ ಮೆಟ್ಟಿಲಲ್ಲಿ ಸಿಕ್ಕವರು ನನ್ನ ಹೆಂಡತಿಯ ಹತ್ತಿರ, "ದಿನಾ ಮದ್ದ ತೂಗಿ ತೂಗಿ ಕಣ್ಣ ಹ್ವಾದೂ ನೋಡ್ರಿ, ಅಕ್ಕಾರ" ಎಂದರಂತೆ. ನಮ್ಮ ಊರಿನಲ್ಲಿ ಮದ್ದು ಎಂದರೆ ಔಷಧಿ. ಅವಳಿಗೆ ಅಷ್ಟು ಸಾಕಾಯಿತು.

"ಪಕ್ಕದಲ್ಲೇ ಪಂಡಿತರು ಇರುವಾಗ ನಾನು ಸೊಂಟ ಹಿಡ್ಕೊಂಡು ಹವಲ್ಲಿಯ ಕ್ಲಿನಿಕ್ಕಿಗೆ ಯಾಕೆ ಅಲೆಯುವುದು? ಹೋಗಿ ಕೇಳಿ ಮಾರಾಯ್ರೆ!"

ಹೋದೆ. "ಕಾಕಾ, ನಿಮ್ಮ ಹತ್ರ ಮದ್ದು ಉಂಟಂತೆ. ಸ್ವಲ್ಪ ಬೇಕಿತ್ತು."

ಕಾಕಾ ನನ್ನನ್ನು ಒಳಗೆಳೆದು ಚಿಲಕ ಹಾಕಿದರು. "ಯಾರ್ ಹೇಳಿದ್ರು ನಿಮಗ? ಮನ್ಯಾಗ ಒಂದ್ ಕಾಳೂ ಇಟ್ಟಿಲ್ರಿ!"

"ಜಾಸ್ತಿ ಬೇಡ, ಒಂದು ಚಮಚ. ಹೆಂಡತಿಗೆ ಬಿಸಿ ನೀರಲ್ಲಿ ಕುಡಿಸ್ಲಿಕ್ಕೆ."

"ಕುಡಿಸ್ಲಾಕ?" ಕಾಕಾನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. "ಅಂಥಾದ್ದೇನ್ ಮಾಡ್ಯಾರ್ರಿ ಅಕ್ಕಾರು?"

ಆಮೇಲೆ ಗುಟ್ಟು ಹೊರಬಿತ್ತು. ಕಾಕಾನ ಕಫೀಲನಿಗೆ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಕುವೈತಿ ಯಜಮಾನನಿಗೆ, ಗುರಿ ಹೊಡೆಯುವ ಹುಚ್ಚು. ಲೈಸೆನ್ಸು, ಕ್ಲಬ್ಬು ಎಲ್ಲ ಇದ್ದ ದೊಡ್ಡ ಮನುಷ್ಯ. ಅಂಗಡಿಯ ಕಾಡತೂಸು ಅವನ ಕೈಗೆ ಒಗ್ಗುವುದಿಲ್ಲವಂತೆ! ಅದಕ್ಕೇ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಯಂತ್ರ, ಒಂದು ತಕ್ಕಡಿ ಇಡಿಸಿ, ಲೇತ್ ಕೆಲಸಕ್ಕೆಂದು ಬಂದಿದ್ದ ಕಾಕಾನನ್ನು ಅದರ ಮುಂದೆ ಕೂರಿಸಿದ್ದ. ಹಾರಿಸಿ ಖಾಲಿಯಾದ ಹಿತ್ತಾಳೆ ಕೊಳವೆಗಳಿಗೆ ಮತ್ತೆ ಮದ್ದು ತುಂಬಿ, ಗುಂಡು ಕೂರಿಸುವುದು ಅವರ ಕೆಲಸ. ಎಷ್ಟು ಮದ್ದು ಎಂಬುದಕ್ಕೆ ಒಂದು ಪುಸ್ತಕವಿದೆ. ಪ್ರತಿ ಗುಂಡಿಗೂ ಎರಡು ಅಂಕಿ: ಎಲ್ಲಿಂದ ಶುರುಮಾಡಬೇಕು, ಯಾವುದನ್ನು ಮೀರಿದರೆ ರಿವಾಲ್ವರೇ ಕೈಯಲ್ಲಿ ಸಿಡಿದೀತು. ಕಾಕಾ ಮೊದಲನೆಯದರಿಂದ ಹೊರಟು ಕಾಳು ಕಾಳಾಗಿ ಏರುವವರು. ಎರಡನೆಯ ಅಂಕಿಯ ಹತ್ತಿರ ಬರುವ ಮೊದಲೇ ಬೆವರುವವರು.

ಕೆಲಸ ಕೆಲಸದ ಮನೆಯಲ್ಲೇ ಉಳಿದಿದ್ದರೆ ನಮಗೇನು? ಉಳಿಯಲಿಲ್ಲ. ಮೇಜಿನ ಮೇಲೆ ಎರಡು ಪುಡಿ ಜೊತೆಗಿರಬಾರದು, ಅದಲುಬದಲಾದರೆ ಕೈ ಹೋಗುತ್ತದೆ ಎಂಬುದು ಅವರ ನಿಯಮ. ನಮ್ಮ ಮನೆಗೆ ಚಹಾಕ್ಕೆ ಬಂದರೆ ಉಪ್ಪಿನ ಡಬ್ಬಿ ಒಳಗೆ ಹೋಗುವವರೆಗೆ ಸಕ್ಕರೆ ಮುಟ್ಟುತ್ತಿರಲಿಲ್ಲ. ಕಾಡತೂಸಿನ ಕೊಳವೆಗೆ ಎರಡು ಸಲ ಮದ್ದು ಬಿದ್ದರೂ ಹೊರಗೆ ಚೆಲ್ಲುವುದಿಲ್ಲವಂತೆ, ಒಳಗೇ ಅಡಗಿ ಕೂತಿರುತ್ತದಂತೆ. ಆದ್ದರಿಂದ ಸಕ್ಕರೆ ಹಾಕಿದ ಪ್ರತಿ ಲೋಟದೊಳಕ್ಕೂ ಟಾರ್ಚ್ ಬಿಟ್ಟು ಇಣುಕುತ್ತಿದ್ದರು.

"ಅಂಕಲ್, ಇಟ್ಸ್ ಜಸ್ಟ್ ಶುಗರ್!" ಎಂದಳು ನನ್ನ ಮಗಳು.

"ಹಂಗ ಅಂದಾವ್ರ ಕೈ ನೋಡೀನವ್ವ ನಾ" ಎಂದರು ಕಾಕಾ. ಆ ದಿನದಿಂದ ಅವಳು ಚಹಾವನ್ನೇ ಬಿಟ್ಟಳು.

ನಮ್ಮ ಕನ್ನಡ ಸಂಘದವರಂತೂ ಬುದ್ಧಿವಂತರು. ಹಬ್ಬದೂಟದ ಸಾರಿಗೆ ಖಾರ ಹಾಕುವ ಜವಾಬ್ದಾರಿಯನ್ನು ಇವರಿಗೇ ಕೊಟ್ಟರು, ಬಾಗಲಕೋಟೆಯವರಲ್ಲವೇ! ಕಾಕಾ ಕೊಪ್ಪರಿಗೆಗೆ ಅರ್ಧ ಚಮಚ ಹಾಕಿ, ಕಲಕಿ, ರುಚಿ ನೋಡಿ, ಕಾದು, ಮತ್ತರ್ಧ ಚಮಚ ಹಾಕಿದರು. "ಕಡಿಮಿಯಿಂದ ಶುರು ಮಾಡೂಣ್ರಿ, ಹಾಕಿದ್ದು ತಗಿಯಾಕ ಬರಂಗಿಲ್ಲ." ಸಾರಿಗೆ ಬಣ್ಣ ಬರುವ ಹೊತ್ತಿಗೆ ಗಂಟೆ ನಾಲ್ಕಾಗಿತ್ತು, ಅರ್ಧ ಸಂಘ ಎದುರಿನ ಹೋಟೆಲಿನಲ್ಲಿ ಬಿರಿಯಾನಿ ತಿನ್ನುತ್ತಿತ್ತು. ನಾವು ವರ್ಷವಿಡೀ ಅದನ್ನೇ ಹೇಳಿಕೊಂಡು ನಕ್ಕೆವು. ನಗುವುದು ನಮಗೆ ಚೆನ್ನಾಗಿ ಬರುತ್ತದೆ.

ಈಗ ನಗು ಬಾರದ ಭಾಗ. ಕಫೀಲನಿಗೆ ಶಬ್ದ ಸಾಲದಾಯಿತು. ಶುಕ್ರವಾರ ಅತಿಥಿಗಳು ಬರುವವರಿದ್ದರು. ಅವರೆದುರು ರಿವಾಲ್ವರು ಗುಡುಗಬೇಕು! "ಯಲ್ಲಾ, ಜ್ಯಾದಾ ಡಾಲೋ! ಆವಾಜ್ ಕಿಧರ್?" ಎಂದು ಪುಸ್ತಕವನ್ನೇ ತಳ್ಳಿದನಂತೆ. ಕಾಕಾನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಂದಿನ ತಿಂಗಳು ಮುಗಿಯುವುದಿತ್ತು. ಆತ ನವೀಕರಿಸಿದರೆ ಉಂಟು, ಇಲ್ಲದಿದ್ದರೆ ವಿಮಾನ. ಹನ್ನೊಂದು ವರ್ಷ ಒಂಟಿಯಾಗಿದ್ದವರು ಹೆಂಡತಿಯನ್ನು ಕರೆಸಿಕೊಂಡು ಆಗ ಆರು ತಿಂಗಳಾಗಿತ್ತು ಅಷ್ಟೆ.

ನನ್ನ ಬಳಿ ಬಂದು ಕೂತರು. ಟಿವಿಯಲ್ಲಿ ಕೊನೆಯ ಓವರು. ನನಗೆ ಮಾತು ಮುಗಿದರೆ ಸಾಕಾಗಿತ್ತು.

"ಎಂತ ಕಾಕಾ, ಹಿಡಿಯುವ ಕೈ ಅವನದ್ದು. ಕೇಳಿದಷ್ಟು ಹಾಕಿ ಕೊಡಿ, ಇಲ್ಲೇ ಇರಿ."

"ಯಾರ ಕೈಯಾದ್ರೂ ಬೆರಳ ಐದ ಇರ್ತಾವಲ್ರಿ" ಎಂದರು. ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ಕಾಕಾ ಎದ್ದು ಹೋದರು.

ಶುಕ್ರವಾರ ಬೆಳಗ್ಗೆ ಅವರು ಆರು ಕಾಡತೂಸುಗಳಿಗೆ ಎರಡನೆಯ ಅಂಕಿಗಿಂತ ಜಾಸ್ತಿ ಮದ್ದು ತುಂಬಿದರು. ಜೀವಮಾನದಲ್ಲಿ ಮೊದಲ ಸಲ, ನನ್ನ ಮಾತು ಕೇಳಿ! ಕೊಟ್ಟು ಮನೆಗೆ ಬಂದವರು ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಉರಿಬಿಸಿಲಿನಲ್ಲಿ ಟ್ಯಾಕ್ಸಿ ಹಿಡಿದು ವಾಪಸು ಓಡಿದರು. ಕಫೀಲ ಅತಿಥಿಗಳೊಡನೆ ಕ್ಲಬ್ಬಿಗೆ ಹೊರಟು ನಿಂತಿದ್ದ. ಎಲ್ಲರೆದುರು ಕಾಕಾ ಕೈಮುಗಿದು, "ಬಾಬಾ, ವೋ ಛೇ ಗೋಲಿ ವಾಪಸ್ ದೋ, ಮೇರಾ ಗಲ್ತಿ" ಎಂದರು. ಆರನ್ನೂ ಇಸಿದುಕೊಂಡು, ಒಂದೊಂದರ ಗುಂಡು ಬಿಡಿಸಿ, ಮದ್ದು ಸುರಿದು, ಖಾಲಿ ಕೊಳವೆಗಳನ್ನು ತಂದು ಅವನ ಮುಂದಿಟ್ಟರು.

ಕಫೀಲ ಕೆಂಡವಾದ. "ತುಮ್ ಮೇರಾ ಹಾಥ್ ತೋಡ್ನೇ ಮಾಂಗ್ತಾ? ಖಲಾಸ್!" ನೋಡಿ, ಜಾಸ್ತಿ ಹಾಕು ಎಂದವನೂ ಅವನೇ, ಜಾಸ್ತಿ ಹಾಕಿದ್ದಕ್ಕೆ ಕೆಲಸದಿಂದ ತೆಗೆದವನೂ ಅವನೇ! ಯಾರು ಹೇಳಿಕೊಟ್ಟರೆಂದು ಕೇಳಿದ್ದಕ್ಕೂ ಕಾಕಾ ನನ್ನ ಹೆಸರು ಹೇಳಲಿಲ್ಲವಂತೆ.

ಕಫೀಲನ ಹತ್ತಿರ ಹೋಗಿ ಒಂದು ಮಾತು ಆಡೋಣ ಎಂದು ಸಂಘದ ಹಿರಿಯರನ್ನು ಕೇಳಿಕೊಂಡೆ. ಒಬ್ಬರಿಗೆ ಬಿ.ಪಿ., ಒಬ್ಬರಿಗೆ ಮೀಟಿಂಗು, ಇನ್ನೊಬ್ಬರಿಗೆ ತಮ್ಮದೇ ಇಕಾಮಾದ ಚಿಂತೆ. ಒಬ್ಬನೇ ಹೋಗುವ ಧೈರ್ಯ ನನಗೂ ಇರಲಿಲ್ಲ. ಆದರೆ ಬೀಳ್ಕೊಡುಗೆಗೆ ಮಾತ್ರ ಎಲ್ಲರೂ ಬಂದರು. ಶಾಲು ಹೊದಿಸಿದರು, ಹಾರ ಹಾಕಿದರು, ಅಧ್ಯಕ್ಷರು ಸಾರಿನ ಕತೆ ಹೇಳಿ ನಗಿಸಿದರು. ಶಾಲು ಹೊದ್ದುಕೊಂಡ ಕಾಕಾ ಪಿಳಿಪಿಳಿ ನೋಡುತ್ತಾ ಕೂತಿದ್ದರು. ನನಗೆ ಎಲ್ಲರ ಮೇಲೂ ಅಸಹ್ಯ ಹುಟ್ಟಿತು. ಆ ಎಲ್ಲರಲ್ಲಿ ನಾನೂ ಇದ್ದೆ.

ವಿಮಾನ ನಿಲ್ದಾಣಕ್ಕೆ ಗಂಡಹೆಂಡತಿಯನ್ನು ನಾನೇ ಕಾರಿನಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಕಾದು ಕಾದು, ಸಾಲಿನಲ್ಲಿ ನಿಂತಾಗ ಬಾಯಿಬಿಟ್ಟೆ. "ಕಾಕಾ, ನಾನು ಹಾಗೆ ಹೇಳಬಾರದಿತ್ತು. ನನ್ನಿಂದಲೇ ನಿಮಗೆ ಹೀಗಾಯ್ತು."

ಬೈಯಲಿ, ಒಂದು ಬಾರಿಸಲಿ ಎಂದು ಕಾಯುತ್ತಿದ್ದೆ. ಕಾಕಾ ನನ್ನ ಹೆಗಲು ಸವರಿದರು.

"ಏ, ಹುಚ್ಚಪ್ಪ ಇದ್ದೀರಿ ನೀವು. 'ಇಲ್ಲೇ ಇರಿ' ಅಂದ್ರಿ ಅವತ್ತ. ಈ ದೇಶಕ್ಕ ಬಂದು ಹನ್ನೊಂದ್ ವರ್ಷದ ಮ್ಯಾಲ ಆತು, ನನಗ ಹಂಗ ಅಂದಾವ್ರು ನೀವೊಬ್ರ. ನಾ ಊಟಾ ಬಿಟ್ಟ ಕುಂತಾಗ ನಿಮ್ಮ ಕಾಕೂಗೂ ಅದನ್ನ ಹೇಳ್ದೆ, ನಾವು ಇರಬೇಕು ಅನ್ನಾವ್ರೂ ಒಬ್ರು ಅದಾರ ಅಂತ."

ಪಕ್ಕದಲ್ಲಿದ್ದ ಅವರ ಹೆಂಡತಿ ಹೌದೆಂದು ತಲೆಯಾಡಿಸಿದರು. ನಾನು ಅವರ ಮಾತನ್ನು ತಿದ್ದಲಿಲ್ಲ. ಕಾಕಾನ ಎರಡೂ ಕೈ ಹಿಡಿದುಕೊಂಡೆ. ಹಿಂದಿದ್ದವನು ಟ್ರಾಲಿ ತಾಗಿಸಿ "ಚಲೋ ಭಾಯಿ" ಎನ್ನುವವರೆಗೂ ಬಿಡಲಾಗಲಿಲ್ಲ.